ಅಳಿಯನ ಮೈಸೂರು ವಿಮಾನ

ಚಿಕ್ಕಪೇಟೆಯ ಸೀರೆ ವ್ಯಾಪಾರಿ ಪುಟ್ಟಣ್ಣಶೆಟ್ಟರು ಗುಮಾಸ್ತನ ಮೇಲೆ ಹರಿಹಾಯ್ದರು: "ಮೈಸೂರಿಗೆ ವಿಮಾನ ಮುಕ್ಕಾಲು ಗಂಟೆ. ಬೆಳಿಗ್ಗೆ ಹೊರಟ ನೀನು ತಲುಪಿದ್ದು ಮಧ್ಯಾಹ್ನ! ನಡುವೆ ನಮ್ಮ ಸರಕಿನ ಗುಟ್ಟು ಯಾರಿಗೆ ಮಾರಿದೆ? ಕೆಲಸ ಬಿಟ್ಟು ನಡಿ."

"ಆಗಲಿ ಧಣಿ. ನಾಳೆ ಅಳಿಯಂದಿರನ್ನು ಕಳಿಸಿ ನೋಡಿ, ಆಮೇಲೆ ನನ್ನ ಕೆಲಸ ಬಿಡಿಸಿ."

ಮರುದಿನ ಬೆಳಿಗ್ಗೆ ವಿಮಾನಕ್ಕೆ ಹೊರಟ ಅಳಿಯನೂ ಮೈಸೂರು ತಲುಪಿದ್ದು ಮಧ್ಯಾಹ್ನವೇ. ಶೆಟ್ಟರ ಅನುಮಾನ ಇಮ್ಮಡಿಯಾಯಿತು. ಆದರೆ ಅಳಿಯನನ್ನು ಎಲ್ಲಿದ್ದಿರಿ ಎಂದು ಕೇಳುವ ಮಾವ ನಮ್ಮ ಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ.

ಅಷ್ಟರಲ್ಲಿ ಮಗಳು ಅಂಗಡಿಗೇ ಬಂದಳು. "ಅಪ್ಪಾ, ಇವರು ಅಷ್ಟು ಹೊತ್ತು ಯಾರ ಮನೇಲಿದ್ರು?"

ಮಗಳ ಸಂಸಾರ ಉಳಿಯಬೇಕಲ್ಲ! ಶೆಟ್ಟರು ಗಡಬಡಿಸಿ, "ಹಾರೋದಷ್ಟೇ ಬೇಗ ಮಗಳೇ. ನಿಲ್ದಾಣಕ್ಕೆ ಹೋಗೋದು, ಸಾಲಲ್ಲಿ ನಿಲ್ಲೋದು, ಇಳಿದು ಊರು ಸೇರೋದು, ಅರ್ಧ ದಿನ ಅಲ್ಲೇ ಹೋಗುತ್ತೆ" ಎಂದರು.

ಸೀರೆ ಮಡಿಚುತ್ತಿದ್ದ ಗುಮಾಸ್ತ ತಲೆಯೆತ್ತಿದ. "ಹಾಗಾದ್ರೆ ಧಣಿ, ನಾಳೆಯೂ ಎಂದಿನ ಹಾಗೆ ಅಂಗಡಿ ಬಾಗಿಲು ನಾನೇ ತೆಗೀಲಾ?"