ಅಂಚೆಯವನ ಓಣಿ

“ಗುರುಗಳೇ, ಮಾತಾಡಲಾರದವನ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಅಂಚೆಯವನಿದ್ದ. ಇಪ್ಪತ್ತಾರು ವರ್ಷ ಒಂದೇ ಊರಿನಲ್ಲಿ ಕಾಗದ ಹಂಚಿದವನು. ಒಂದು ದಿನ ಅವನ ಮಿದುಳಿನಲ್ಲಿ ರಕ್ತನಾಳ ಒಡೆಯಿತು. ಜೀವ ಉಳಿಯಿತು, ಕೈಕಾಲು, ನಾಲಿಗೆ ಸ್ವಾಧೀನದಲ್ಲಿ ಉಳಿಯಲಿಲ್ಲ. ಕಣ್ಣು ತೆರೆದಿರುತ್ತಿತ್ತು, ಕರೆದರೆ ತಿರುಗುತ್ತಿರಲಿಲ್ಲ. ಐದು ತಿಂಗಳಾದ ಮೇಲೆ ವೈದ್ಯರು, “ಇವರಿಗೆ ಅರಿವಿಲ್ಲ. ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ” ಎಂದರು. ಹೆಂಡತಿ ನೀಲವ್ವ ಒಪ್ಪಲಿಲ್ಲ.

ಆಗ ಒಬ್ಬ ಸಂಶೋಧಕಿ ಬಂದಳು. ಅವನ ತಲೆಗೆ ತಂತಿಗಳ ಟೋಪಿ ತೊಡಿಸಿದಳು. ಅದು ಮಿದುಳಿನ ಅಲೆಗಳನ್ನು ಅಳೆಯುತ್ತಿತ್ತು. ಎದುರಿಗಿಟ್ಟ ಕ್ಯಾಮೆರಾ ಕಣ್ಣಿನ ಚಲನೆಯನ್ನು ಗಮನಿಸುತ್ತಿತ್ತು. ಮನಸ್ಸು ಲೆಕ್ಕ ಮಾಡುತ್ತಿದೆಯೋ, ದಾರಿ ನಡೆಯುತ್ತಿದೆಯೋ, ಸುಮ್ಮನಿದೆಯೋ ಎಂಬುದನ್ನು ಇವೆರಡರಿಂದ ಯಂತ್ರ ಗುರುತಿಸುತ್ತಿತ್ತು.

“ನೂರರಿಂದ ಏಳೇಳು ಕಳೆಯುತ್ತ ಬನ್ನಿ” ಎಂದಳು. ಅಲೆ ಬದಲಾಗಲಿಲ್ಲ. “ನಿಮ್ಮ ಮನೆಯೊಳಗೆ ಓಡಾಡುತ್ತಿರುವಂತೆ ನೆನೆಯಿರಿ” ಎಂದಳು. ಆಗಲೂ ಇಲ್ಲ. ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಅವಳು ತಂತಿಗಳನ್ನು ಸುತ್ತಿಡಲು ಹೊರಟಳು.

ನೀಲವ್ವ ಅವಳ ಕೈ ಹಿಡಿದಳು. “ಅವರು ಮನಿಯಾಗ ಇದ್ದದ್ದ ಕಡಿಮಿ, ಅಕ್ಕಾ. ಕಾಗದ ಹಂಚಾಕ ಹಚ್ಚರಿ.” ಆಮೇಲೆ ಗಂಡನ ಕಿವಿಯ ಬಳಿ ಬಗ್ಗಿ, “ಟಪಾಲು ಬಂದೈತಿ. ಕುಂಬಾರ ಓಣಿಯಿಂದ ಹೊರಡ್ರಿ” ಎಂದಳು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಬಳಿಕ ಅಲೆಗಳು ಎದ್ದವು. ಅವನ ಕಣ್ಣು ಕೂದಲೆಳೆಯಷ್ಟು ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ಮತ್ತೆ ಎಡಕ್ಕೆ. ಸಂಶೋಧಕಿ ಹಿಗ್ಗಿ, “ಸಾಕು, ಸಾಕು!” ಎಂದು ಕೂಗಿದಳು.

“ತಡೀರಿ, ಓಣಿ ಇನ್ನೂ ಮುಗದಿಲ್ಲ” ಎಂದಳು ನೀಲವ್ವ.

ವೈದ್ಯರು ಚಿಕಿತ್ಸೆ ಮುಂದುವರಿಸಿದರು. ಹೌದು ಎನ್ನಬೇಕಾದರೆ ಮನಸ್ಸಿನಲ್ಲೇ ಓಣಿ ನಡೆಯಬೇಕು, ಇಲ್ಲ ಎನ್ನಬೇಕಾದರೆ ಸುಮ್ಮನಿರಬೇಕು ಎಂದು ಅವನಿಗೆ ಹೇಳಿಕೊಟ್ಟರು. ಮೊದಲ ಪ್ರಶ್ನೆ ಕೇಳಿದವಳು ನೀಲವ್ವ. “ಇಷ್ಟ ದಿನ ನಾ ಮಾತಾಡಿದ್ದು ಕೇಳಸ್ತಿತ್ತೇನ್ರಿ?”

ಪರದೆಯ ಮೇಲೆ ಅಲೆಗಳು ಎದ್ದವು. ಬಹಳ ಹೊತ್ತು ಇಳಿಯಲಿಲ್ಲ.

ಶಿಷ್ಯನ ಕಣ್ಣು ತೇವವಾಗಿತ್ತು. “ಎಂಥ ಯಂತ್ರ, ಗುರುಗಳೇ!” ಎಂದ.

ಗುರುಗಳು ಕೇಳಿದರು: “ಯಂತ್ರಕ್ಕೆ ಓಣಿ ಗೊತ್ತಿರಲಿಲ್ಲ, ನೀಲವ್ವನಿಗೆ ಗೊತ್ತಿತ್ತು. ಮೂರು ವರ್ಷದಿಂದ ಇಲ್ಲಿ ನಿನಗೆ ಅನ್ನ ಬಡಿಸುತ್ತಿರುವವನ ಊರು ಯಾವುದು?”