ದೇಸಾಯರ ಎಡಗಾಲಿನ ಚಪ್ಪಲಿ

ಗದಗಿನ ಮೋಟಾರು ಮಿಸ್ತ್ರಿಯೊಬ್ಬನ ಶೆಡ್ಡಿಗೆ ರುದ್ರಗೌಡ ದೇಸಾಯರು ತಮ್ಮ ಅಜ್ಜನ ಕಾಲದ ಕಾರು ತಂದರು. ಹಿಂದಿನ ಎರಡೂ ಸ್ಪ್ರಿಂಗು ಸವೆದಿದ್ದವು. ಎಡಗಡೆಯದಂತೂ ಮುರಿದೇ ಹೋಗಿತ್ತು.

"ಎಡಗಡೇದು ಒಂದ ಬದಲಿ ಮಾಡು, ಹುಬ್ಬಳ್ಳಿಗೆ ಹೋಗ್ಬೇಕು," ಅಂದರು ದೇಸಾಯರು.

"ಜೋಡಿನೇ ಬದಲಿ ಮಾಡ್ಬೇಕ್ರಿ ಧಣ್ಯಾರ. ಒಂದ ಹೊಸಾದು ಹಾಕಿದ್ರ ಗಾಡಿ ವಾಲತೈತ್ರಿ."

"ಚಲೋ ಇದ್ದದ್ದನ್ನ ಬಿಚ್ಚಿ ಗುಜರಿಗೆ ಮಾರ್ಬೇಕಂತಿಯೇನ? ಕಳ್ಳ!"

ಮಿಸ್ತ್ರಿಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಪಾನಾ ಹಿಡಿದು ನಟ್ಟು-ಬೋಲ್ಟು ತಿರುವಿದವನಿಗೆ, ಅವನ ಶೆಡ್ಡಿನಲ್ಲೇ ನಿಂತು ಕಳ್ಳ ಅನ್ನುವುದೇ! ಆದರೂ ನಾಲಿಗೆ ಬಿಗಿಹಿಡಿದು, "ಆತ್ರಿ. ಒಮ್ಮೆ ಒಳಗ ಕುಂದರ್ರಿ, ಭಾರ ಹೆಂಗ ಬೀಳತೈತಿ ನೋಡ್ತೀನಿ," ಅಂದ.

ಅಜ್ಜನ ಕಾರೆಂದರೆ ದೇಸಾಯರಿಗೆ ದೇವರಮನೆ. ಚಪ್ಪಲಿ ಹೊರಗೆ ಬಿಟ್ಟೇ ಹತ್ತಿದರು.

ಇಳಿದು, ನೋಡದೆ ಚಪ್ಪಲಿಗೆ ಕಾಲು ತೂರಿಸಿ ನಾಲ್ಕು ಹೆಜ್ಜೆ ಇಟ್ಟರು, ಅಷ್ಟೇ. ಸೊಂಟ ಒಂದು ಕಡೆ, ಹೊಟ್ಟೆ ಒಂದು ಕಡೆ! ಬಗ್ಗಿ ನೋಡಿದರೆ ಬಲಗಾಲಿನಲ್ಲಿ ತಮ್ಮದೇ ಸವೆದ ಚಪ್ಪಲಿ, ಎಡಗಾಲಿನಲ್ಲಿ ಮಿಸ್ತ್ರಿಯ ಹೊಸ, ದಪ್ಪ ಟಾಯರ್ ಚಪ್ಪಲಿ.

"ಏನಲೇ ಇದು? ಒಂದ ಕಾಲಿಗೆ ಹೊಸಾದು ಯಾರರೆ ಹಾಕ್ತಾರೇನು? ನನ್ನ ಸೊಂಟ ಮುರೀಬೇಕೇನ?"

"ಎಡಗಾಲಿಂದು ಭಾಳ ಸವದಿತ್ರಿ, ಅದೊಂದ ಬದಲಿ ಮಾಡೀನಿ. ನೀವು ನಾಕ ಹೆಜ್ಜಿಗೆ ಇಷ್ಟ ಒದರಿದ್ರಿ. ಆ ಗಾಡಿ ಹುಬ್ಬಳ್ಳಿ ತನಕ ಹೋಗ್ಬೇಕು. ಪಾಪ, ಅದಕ್ಕ ಬಾಯಿಲ್ಲ."

ದೇಸಾಯರ ಮುಖ ಕೆಂಪಾಯಿತು. ಕಾರು ನೋಡಿದರು, ಕಾಲು ನೋಡಿಕೊಂಡರು.

"ಎರಡೂ ಸ್ಪ್ರಿಂಗು ಬದಲಿ ಮಾಡು. ಮೊದ್ಲ ನನ್ನ ಚಪ್ಪಲಿ ವಾಪಸ್ ಕೊಡು."

"ಕೊಡ್ತೀನ್ರಿ," ಅಂದ ಮಿಸ್ತ್ರಿ, ಕೈ ಕಟ್ಟಿ ನಿಂತು. "ಮೊದ್ಲ ನೀವು ಕಳ್ಳ ಅಂದ ಮಾತು ವಾಪಸ್ ತಗೋರಿ."