ತೊಟ್ಟಿಲಿನ ವಾರ

"ಗುರುಗಳೇ, ಹಾಕಿಕೊಟ್ಟ ಪಾಠದಲ್ಲಿ ಮಗು ನಿಲ್ಲುವುದಿಲ್ಲ. ಏನು ಮಾಡಲಿ?"

ಕೇಳಿದವನು ವಿರೂಪಾಕ್ಷ. ಅವನಿಗೆ ನಾಲ್ಕು ವರ್ಷದ ಮಗನಿದ್ದ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಹಗಲು ಹೊತ್ತು ಮಗುವನ್ನು ನೋಡಿಕೊಳ್ಳುವುದು, ಮನೆಯಲ್ಲೇ ಏನಾದರೂ ಕಲಿಸುವುದು ಅವನ ಪಾಲಿಗೆ ಬಂದಿತ್ತು. ಇದೇ ಪ್ರಶ್ನೆ ಹೊತ್ತು ಅವನು ಆಶ್ರಮಕ್ಕೆ ಬಂದದ್ದು ಇದು ಮೂರನೆಯ ಸಲ. ಈ ಸಲ ಒಂದು ದಪ್ಪ ನೋಟ್‌ಬುಕ್ಕನ್ನೂ ತಂದಿದ್ದ.

ಗುರುಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ವಿರೂಪಾಕ್ಷ ನೋಟ್‌ಬುಕ್ ಬಿಚ್ಚಿ ಅವರ ಮುಂದೆ ಹಿಡಿದ.

"ನೋಡಿ, ವಾರಕ್ಕೊಂದು ವಿಷಯ. ಈ ವಾರ ಹಣ್ಣು. ಸೋಮವಾರ ಹಣ್ಣಿನ ಹೆಸರು, ಮಂಗಳವಾರ ಬಣ್ಣ ಹಚ್ಚುವುದು, ಬುಧವಾರ ಬೀಜ ಎಣಿಸುವುದು, ಗುರುವಾರ ಹಣ್ಣಿನ ಹಾಡು. ಹಿಂದಿನ ದಿನವೇ ಕೂತು ಕಾಗದ ಕತ್ತರಿಸಿ, ಅಂಟು ಕಲಸಿ ಎಲ್ಲ ಸಿದ್ಧ ಮಾಡಿಡುತ್ತೇನೆ. ಅವನು ಸೋಮವಾರವೇ ಕೈ ಬಿಡುತ್ತಾನೆ. ನಾನು ಮಾವಿನಹಣ್ಣು ಎಂದರೆ ಅವನು ಇನ್ನೇನೋ ಕೇಳುತ್ತಾನೆ. ಸಾಕಾಗಿ ಹೋಗಿದೆ ಗುರುಗಳೇ."

"ನನಗೂ ಸಾಕಾಗಿದೆ," ಎಂದರು ಗುರುಗಳು. "ಮೊದಲ ಸಲ ಬಂದಾಗ ಸ್ವಲ್ಪ ಸಮಾಧಾನದಿಂದಿರು ಎಂದೆ. ನೀನು ಹೋಗಿ ನೋಟ್‌ಬುಕ್ ಕೊಂಡೆ. ಎರಡನೆಯ ಸಲವೂ ಅದನ್ನೇ ಹೇಳಿದೆ. ನೀನು ಹೋಗಿ ಬಣ್ಣದ ಪೆನ್ಸಿಲ್ ಕೊಂಡೆ. ಇನ್ನೊಂದು ಸಲ ಹೇಳಿದರೆ ಏನು ಕೊಳ್ಳುತ್ತೀಯೋ ಗೊತ್ತಿಲ್ಲ. ಅದನ್ನು ಮುಚ್ಚಿ ಕೂತುಕೋ. ಒಬ್ಬ ಮುದ್ರಕನಿಗೆ ಏನಾಯಿತು ಎಂದು ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ವಿರೂಪಾಕ್ಷ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮುದ್ರಕನಿದ್ದ. ಮನೆಯ ಮುಂದಿನ ಕೋಣೆಯೇ ಅವನ ಅಚ್ಚುಕೂಟ. ಮದುವೆಯ ಪತ್ರಿಕೆ, ಕರಪತ್ರ, ಕ್ಯಾಲೆಂಡರ್ ಅಚ್ಚು ಹಾಕುತ್ತಿದ್ದ. ಕೆಲಸದಲ್ಲಿ ಬಹಳ ಚೊಕ್ಕ. ಒಂದು ಅಕ್ಷರ ಓರೆಯಾಗಿದ್ದರೂ ಹಾಳೆಯನ್ನು ಬದಿಗೆ ಎಸೆಯುತ್ತಿದ್ದ.

ಅವನಿಗೆ ನಾಲ್ಕು ವರ್ಷದ ಮಗಳು. ಹೆಂಡತಿ ಮತ್ತೆ ಬಸುರಿಯಾಗಿದ್ದಳು. ಏಳು ತಿಂಗಳು ತುಂಬಿದಾಗ ಡಾಕ್ಟರು, ಇನ್ನು ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳಬಾರದು ಎಂದರು. ಊರಿನ ಶಿಶುವಿಹಾರ ಟೀಚರ್ ಇಲ್ಲದೆ ಮುಚ್ಚಿತ್ತು. ಮಗಳು ದಿನವಿಡೀ ಅಮ್ಮನ ಹಾಸಿಗೆ ಹತ್ತುವಳು, ಇಳಿಯುವಳು, ಮತ್ತೆ ಹತ್ತುವಳು.

ಹೆಂಡತಿ ಹೇಳಿದಳು: "ರೀ, ಬೆಳಗಿನ ಹೊತ್ತಾದರೂ ಇವಳನ್ನು ಕರೆದುಕೊಂಡು ಹೋಗಿ. ಏನಾದರೂ ಕಲಿಸಿ."

ಮುದ್ರಕ ಯಾವುದನ್ನೂ ಅರ್ಧಂಬರ್ಧ ಮಾಡುವವನಲ್ಲ. ಅಚ್ಚುಕೂಟದಲ್ಲಿ ಉಳಿದ ದಪ್ಪ ಕಾಗದ ತೆಗೆದ. ಹನ್ನೆರಡು ಹಾಳೆ ಕತ್ತರಿಸಿದ. ಒಂದೊಂದು ಹಾಳೆ ಒಂದೊಂದು ವಾರಕ್ಕೆ. ಬಣ್ಣ, ನೀರು, ಬೀಜ, ಹಕ್ಕಿ, ಹೀಗೆ. ಹಾಳೆಯ ಕೆಳಗೆ ಆರು ದಿನದ ಆರು ಕೆಲಸ. ಮಗಳಿಗೆ ಓದಲು ಬರುವುದಿಲ್ಲವಲ್ಲ, ಅದಕ್ಕೆ ಪ್ರತಿ ಹಾಳೆಯ ತಲೆಯ ಮೇಲೆ ಒಂದು ಚಿತ್ರ ಬರೆದ. ಸಾಲಾಗಿ ಗೋಡೆಗೆ ಅಂಟಿಸಿದ.

ಒಂಬತ್ತನೆಯ ವಾರಕ್ಕೆ ಹೆರಿಗೆಯ ದಿನ ಬರುತ್ತಿತ್ತು. ಆ ಹಾಳೆಯ ಮೇಲೆ ತೊಟ್ಟಿಲು ಬರೆದ. ಪಾಪುವಿನ ಬಟ್ಟೆ ಮಡಿಸುವುದು, ಮೆಲ್ಲಗೆ ಮಾತಾಡುವುದು, ಲಾಲಿ ಹಾಡುವುದು, ಪಾಪುವಿನ ಪಾದವನ್ನು ದಾರದಲ್ಲಿ ಅಳೆಯುವುದು, ಇಂಥವು ಆ ವಾರದ ಕೆಲಸ. ಮಗಳಿಗೆ ಎಲ್ಲ ಹಾಳೆಗಿಂತ ಅದೇ ಹೆಚ್ಚು ಹಿಡಿಸಿತು. ದಿನವೂ ಹೋಗಿ ಅದರ ಮುಂದೆ ನಿಲ್ಲುತ್ತಿದ್ದಳು.

ವಾರಗಳು ಶುರುವಾದವು. ನಿನಗೆ ಆಗುತ್ತಿರುವುದೇ ಅವನಿಗೂ ಆಯಿತು. ನೀರಿನ ವಾರದಲ್ಲಿ ಅವನು ಲೋಟದಿಂದ ಲೋಟಕ್ಕೆ ನೀರು ಸುರಿದು ತೋರಿಸುತ್ತಿದ್ದರೆ ಮಗಳು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದಳು.

"ಅಪ್ಪಾ, ಹಲ್ಲಿ ಯಾಕೆ ಬೀಳುವುದಿಲ್ಲ?"

"ಅದು ಪ್ರಾಣಿಗಳ ವಾರದಲ್ಲಿ ಬರುತ್ತದೆ. ಈಗ ನೀರು ನೋಡು."

ಪ್ರಾಣಿಗಳ ವಾರ ಬಂದಾಗ ಗೋಡೆಯ ಮೇಲೆ ಹಲ್ಲಿ ಇರಲಿಲ್ಲ. ಅವನು ಹಲ್ಲಿಯ ಚಿತ್ರ ಬರೆದು ತೋರಿಸಿದ. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಆಗ ಮಳೆ ಎಲ್ಲಿಂದ ಬರುತ್ತದೆ ಎಂಬುದು ಬೇಕಾಗಿತ್ತು. ಮುದ್ರಕ ತಲೆ ಚಚ್ಚಿಕೊಂಡ. ಹೆಂಡತಿಯ ಹತ್ತಿರ ಹೋಗಿ ಗೊಣಗಿದ. ಅವಳು ನಕ್ಕಳು. ಅವಳು ನಕ್ಕದ್ದಕ್ಕೆ ಅವನಿಗೆ ಇನ್ನೂ ಸಿಟ್ಟು ಬಂತು.

ಎಂಟನೆಯ ವಾರ, ಬುಧವಾರ ಬೆಳಿಗ್ಗೆ, ಹೆಂಡತಿಗೆ ನೋವು ಶುರುವಾಯಿತು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಆಸ್ಪತ್ರೆಗೆ ಓಡಿದರು. ಗಂಡು ಮಗು. ಹುಟ್ಟುವಾಗಲೇ ಉಸಿರಿರಲಿಲ್ಲ.

ಮುದ್ರಕ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ತಾನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ. ಜೊತೆಗೆ ಅವನ ಅಣ್ಣನೊಬ್ಬನೇ ಇದ್ದ. ಮುದ್ರಕ ಅಳಲಿಲ್ಲ. ಮನೆಗೆ ಬಂದು ಸ್ನಾನ ಮಾಡಿದ. ಗೋಡೆಯ ಹತ್ತಿರ ಹೋದ. ತೊಟ್ಟಿಲಿನ ಹಾಳೆ ಕಿತ್ತು, ಮಡಿಸಿ, ಎಲ್ಲೋ ಒಳಗೆ ತುರುಕಿದ. ಉಳಿದ ಹಾಳೆಗಳನ್ನು ಸರಿಸಿ ನಡುವೆ ಜಾಗ ಕಾಣದ ಹಾಗೆ ಅಂಟಿಸಿದ. ಹೆಂಡತಿ ಆಸ್ಪತ್ರೆಯಿಂದ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸೋಮವಾರ ಬಂದಾಗ ಅವನು ಮಗಳನ್ನು ಕೂರಿಸಿಕೊಂಡು ಗಾಡಿಗಳ ವಾರ ಶುರು ಮಾಡಿದ.

ಮಗಳಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಪಕ್ಕದ ಮನೆಯ ಹೆಂಗಸರು ತಮ್ಮತಮ್ಮಲ್ಲೇ, ಪಾಪ, ಮಗು ಹೋಗಿಬಿಟ್ಟಿತಂತೆ ಎಂದು ಮಾತಾಡಿದ್ದು ಅವಳ ಕಿವಿಗೆ ಬಿದ್ದಿತ್ತು. ಅಷ್ಟೇ.

"ತೊಟ್ಟಿಲಿನ ವಾರ ಎಲ್ಲಿ?" ಎಂದಳು.

"ಅದು ಇಲ್ಲ. ಈಗ ಗಾಡಿ. ಇದು ಬಸ್ಸು, ಇದು ಲಾರಿ, ಇದು ರೈಲು."

ಅವಳು ಬಸ್ಸನ್ನು ನೋಡಿದಳು, ಲಾರಿಯನ್ನು ನೋಡಿದಳು, ರೈಲನ್ನು ನೋಡಿದಳು.

"ಪಾಪು ಯಾವ ಗಾಡಿಯಲ್ಲಿ ಹೋಯಿತು?"

ಮುದ್ರಕನ ಕೈಯಲ್ಲಿದ್ದ ಬಣ್ಣದ ಕಡ್ಡಿ ಮುರಿಯಿತು. "ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ಬಸ್ಸಿಗೆ ಎಷ್ಟು ಚಕ್ರ?" ಎಂದ.

ಮುಂದಿನದು ಮಳೆ ಮತ್ತು ಚಳಿಯ ವಾರ. ಮಳೆಗೆ ಕೊಡೆ, ಚಳಿಗೆ ಸ್ವೆಟರ್ ಎಂದು ಅವನು ಹೇಳಿಕೊಟ್ಟ. ಅವಳು ಕೇಳಿದಳು, "ಪಾಪುಗೆ ಸ್ವೆಟರ್ ಯಾರು ಹಾಕುತ್ತಾರೆ?" ಅದರ ಮುಂದಿನದು ಊಟ ತಿಂಡಿಯ ವಾರ. ಅದನ್ನು ನಾನು ಹೇಳುವುದಿಲ್ಲ. ಅವಳು ಏನು ಕೇಳಿರಬಹುದು ಎಂದು ನಿನಗೇ ಗೊತ್ತಾಗುತ್ತದೆ.

ನೋಡು, ಅವಳು ಹಟ ಮಾಡುತ್ತಿರಲಿಲ್ಲ. ಅಪ್ಪ ಹೇಳಿದ ವಿಷಯದಲ್ಲೇ ಇದ್ದಳು. ಮುದ್ರಕನಿಗೆ ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಒಂದು ದಿನ ಗದರಿದ. ಇನ್ನೊಂದು ದಿನ ಎದ್ದು ಹೊರಗೆ ಹೋಗಿಬಿಟ್ಟ. ಗೋಡೆಯ ಮೇಲಿನ ವಾರಗಳೆಲ್ಲ ಮುಗಿದ ಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಕೆಲಸಗಳ ನಡುವೆ ಬಿಡುವು ಇರುವುದರಿಂದ ಅಲ್ಲವೇ ಮಗು ಪ್ರಶ್ನೆ ಕೇಳುವುದು? ಮತ್ತೆ ಹಾಳೆ ಕತ್ತರಿಸಿದ. ಈ ಸಲ ಅರ್ಧ ಗಂಟೆಗೊಂದು ಕೆಲಸ. ಮಣಿ ಪೋಣಿಸು, ಎಲೆ ಅಂಟಿಸು, ಗೆರೆಯ ಮೇಲೆ ನಡೆ, ಹಾಡು ಹೇಳು, ಮತ್ತೆ ಮಣಿ ಪೋಣಿಸು. ಒಂದು ಮುಗಿಯುವ ಮೊದಲೇ ಇನ್ನೊಂದು ಅವಳ ಮುಂದೆ ಬಂದು ಬೀಳುತ್ತಿತ್ತು.

ಪ್ರಶ್ನೆಗಳು ನಿಂತವು.

ಎರಡು ವಾರ ಅವನು ಬರೆದದ್ದು ಬರೆದ ಹಾಗೆಯೇ ನಡೆಯಿತು. ಮಗಳು ಮಣಿ ಪೋಣಿಸಿದಳು, ಎಲೆ ಅಂಟಿಸಿದಳು, ಹಾಡು ಹೇಳಿದಳು. ಆಚೀಚಿನ ಒಂದು ಮಾತೂ ಆಡಲಿಲ್ಲ. ಮುದ್ರಕನಿಗೆ ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಯಿತು. ಮಗಳು ಅಂಟಿಸಿದ ಹಾಳೆಗಳನ್ನು ಎತ್ತಿಕೊಂಡು ಹೆಂಡತಿಯ ಹತ್ತಿರ ಹೋದ.

"ನೋಡು, ಈಗ ದಾರಿಗೆ ಬಂದಳು. ಎರಡು ವಾರದಿಂದ ಒಂದೇ ಒಂದು ಅಡ್ಡಪ್ರಶ್ನೆ ಇಲ್ಲ."

ಹೆಂಡತಿ ಹಾಳೆಗಳನ್ನು ಮುಟ್ಟಲಿಲ್ಲ. "ಆ ಪ್ರಶ್ನೆಗಳೆಲ್ಲ ಮಧ್ಯಾಹ್ನ ನನ್ನ ಹತ್ತಿರ ಬರುತ್ತವೆ," ಎಂದಳು.

"ನೀನು ಏನು ಹೇಳುತ್ತೀ?"

"ಇದ್ದದ್ದನ್ನೇ ಹೇಳಿದೆ. ಪಾಪು ಹುಟ್ಟುವ ಮೊದಲೇ ತೀರಿಹೋಯಿತು, ಅದನ್ನು ಮಣ್ಣು ಮಾಡಿದ್ದಾರೆ, ಅದಕ್ಕೇ ಅಮ್ಮ ಅಳುತ್ತಾಳೆ ಅಂತ. ಅವಳೂ ಅತ್ತಳು. ಮಾರನೆಯ ದಿನ ಮತ್ತೆ ಕೇಳಿದಳು. ಮತ್ತೆ ಹೇಳಿದೆ. ದಿನವೂ ಕೇಳುತ್ತಾಳೆ, ದಿನವೂ ಹೇಳುತ್ತೇನೆ. ಹೇಳುತ್ತಾ ಹೇಳುತ್ತಾ ನನಗೂ ಎದ್ದು ಕೂರುವಷ್ಟು ಬಲ ಬಂದಿದೆ."

ಆಗ ಅವನ ಕಣ್ಣಿಗೆ ಬಿತ್ತು. ಹೆಂಡತಿ ಎದ್ದು ಕೂತಿದ್ದಳು. ತಲೆ ಬಾಚಿಕೊಂಡಿದ್ದಳು. ಅದು ಯಾವಾಗಿನಿಂದ ಎಂಬುದು ಅವನಿಗೆ ಗೊತ್ತಿರಲಿಲ್ಲ.

"ಹಾಗಾದರೆ ನನ್ನನ್ನು ಯಾಕೆ ಕೇಳುವುದನ್ನು ಬಿಟ್ಟಳು?"

"ನಾನೂ ಅದನ್ನೇ ಕೇಳಿದೆ. ಅಪ್ಪನಿಗೆ ಹೇಳಬೇಡಮ್ಮ, ಅಪ್ಪನಿಗೆ ಇನ್ನೂ ಆ ವಾರ ಬಂದಿಲ್ಲ ಅಂದಳು."

ಮುದ್ರಕ ಹಾಳೆಗಳನ್ನು ಅಲ್ಲೇ ಇಟ್ಟು ಅಚ್ಚುಕೂಟಕ್ಕೆ ಹೋದ. ಮದುವೆಯ ಪತ್ರಿಕೆಗೆ ಬಂದವರೊಬ್ಬರು ಕಾಯುತ್ತಿದ್ದರು. ನಾಳೆ ಬನ್ನಿ ಎಂದ. ಅವರು ರೇಗಿದರು. ರೇಗಲಿ ಎಂದು ಬಾಗಿಲು ಹಾಕಿದ. ಬಹಳ ಹೊತ್ತು ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಆಮೇಲೆ ಮಗಳನ್ನು ಕರೆದ.

ಅವಳು ಮಣಿಯ ಡಬ್ಬಿ ಹಿಡಿದುಕೊಂಡೇ ಬಂದಳು. ಅವನು ಡಬ್ಬಿಯನ್ನು ತೆಗೆದು ಬದಿಗಿಟ್ಟ.

"ಪಾಪು ಗಾಡಿಯಲ್ಲಿ ಹೋಗಲಿಲ್ಲ," ಎಂದ. "ನಾನೇ ಎತ್ತಿಕೊಂಡು ನಡೆದುಕೊಂಡು ಹೋದೆ."

ಮಗಳು ಅವನ ಕೈಗಳನ್ನು ನೋಡಿದಳು.

"ಭಾರ ಇತ್ತಾ ಅಪ್ಪಾ?"

"ಇರಲಿಲ್ಲ," ಎಂದ ಮುದ್ರಕ. ಅಷ್ಟು ಹೇಳಿ ಅವನು ಅತ್ತ. ಮಣ್ಣು ಮಾಡಿ ಬಂದ ದಿನ ಅಳದವನು ಅಂದು ಮಗಳ ಮುಂದೆ ಕೂತು ಅತ್ತ. ಅವಳು ಹೆದರಲಿಲ್ಲ. ಅಮ್ಮ ಅಳುವುದನ್ನು ದಿನವೂ ಕಂಡಿದ್ದಳಲ್ಲ. ಪಕ್ಕದಲ್ಲಿ ಕೂತಳು. ಅವನ ಅಳು ಮುಗಿದ ಮೇಲೆ ಇನ್ನೂ ನಾಲ್ಕಾರು ಪ್ರಶ್ನೆ ಕೇಳಿದಳು. ಗೊತ್ತಿದ್ದದ್ದಕ್ಕೆ ಅವನು ಉತ್ತರ ಹೇಳಿದ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದ. ಆಮೇಲೆ ಇಬ್ಬರೂ ಒಳಗೆ ಹೋಗಿ ಹೆಂಡತಿಯ ಜೊತೆ ಊಟ ಮಾಡಿದರು. ಆಸ್ಪತ್ರೆಯಿಂದ ಬಂದ ಮೇಲೆ ಮೂವರೂ ಒಟ್ಟಿಗೆ ಕೂತು ಉಂಡದ್ದು ಅಂದೇ ಮೊದಲು.

ಅವನು ಹಾಳೆಗಳನ್ನು ಹರಿದು ಹಾಕಲಿಲ್ಲ. ಇದನ್ನು ಸರಿಯಾಗಿ ಕೇಳಿಸಿಕೋ. ನಿನ್ನಂಥವರಿಗೆ ಕತೆ ಹೇಳಿದರೆ ಮನೆಗೆ ಹೋಗಿ ಮೊದಲು ಏನನ್ನಾದರೂ ಹರಿಯುತ್ತೀರಿ. ಮುಂದಿನ ಸೋಮವಾರ ಅವನು ಮಣ್ಣಿನ ವಾರ ಶುರು ಮಾಡಿದ. ಅದು ಮೂರು ವಾರ ನಡೆಯಿತು. ನಡುವೆ ಮಗಳು ಒಂದು ಇಡೀ ದಿನ ಇರುವೆಯ ಹಿಂದೆ ಹೋದಳು. ಆಗಲೂ ಅವನಿಗೆ ಸಿಟ್ಟು ಬಂತು. ಅವನ ಸ್ವಭಾವವೇ ಹಾಗೆ, ಬದಲಾಗಲಿಲ್ಲ. ಆದರೆ ಆ ಇರುವೆಗಳು ಎಲ್ಲಿಗೆ ಹೋಗುತ್ತಿದ್ದವು ಎಂದು ನೋಡಲು ಅವನೂ ಬಗ್ಗಿದ.

ಗುರುಗಳು ಕತೆ ನಿಲ್ಲಿಸಿದರು. ವಿರೂಪಾಕ್ಷ ಕೇಳಿದ:

"ಹಾಗಾದರೆ ವಾರಕ್ಕೊಂದು ವಿಷಯ ಎಂದು ಇಟ್ಟುಕೊಳ್ಳುವುದು ತಪ್ಪೇ ಗುರುಗಳೇ?"

"ಅಯ್ಯೋ, ನಾನು ಹಾಗೆ ಎಲ್ಲಿ ಹೇಳಿದೆನಪ್ಪಾ?" ಗುರುಗಳು ಹಣೆ ಒತ್ತಿಕೊಂಡರು. "ವಾರಕ್ಕೊಂದು ಇಟ್ಟುಕೋ, ತಿಂಗಳಿಗೊಂದು ಇಟ್ಟುಕೋ, ನಿನ್ನಿಷ್ಟ."

"ಅಲ್ಲ, ಆ ಮುದ್ರಕನ ಮನೆಯಲ್ಲಿ ಸಾವಾಗಿತ್ತು. ಮಗು ಕೇಳಿದ್ದಕ್ಕೆ ಅರ್ಥವಿತ್ತು. ನಮ್ಮ ಮನೆಯಲ್ಲಿ ಹಾಗೇನೂ ಆಗಿಲ್ಲ. ನನ್ನ ಮಗ ಸುಮ್ಮನೆ ಏನೇನೋ ಕೇಳುತ್ತಾನೆ."

ಗುರುಗಳು ಅವನ ಮುಖವನ್ನೇ ನೋಡಿದರು.

"ಮೂರು ಸಲ ಬಂದೆಯಲ್ಲ, ಅವನು ಏನು ಕೇಳುತ್ತಾನೆ ಎಂದು ಒಂದು ಸಲವಾದರೂ ನನಗೆ ಹೇಳಿದೆಯಾ?"

ವಿರೂಪಾಕ್ಷ ನೋಟ್‌ಬುಕ್ ಬಿಚ್ಚಿ ಹಾಳೆ ತಿರುವಿದ. ಮಗ ಕೇಳಿದ್ದು ಒಂದೂ ಅದರಲ್ಲಿ ಇರಲಿಲ್ಲ.